ಎರಡನೇ ಸಲ ಬರೆಯುವವರ ಎದೆಬಡಿತ

ಪ್ರಶ್ನೆ: ಪ್ರವೇಶ ಪರೀಕ್ಷೆಯನ್ನು ಎಷ್ಟು ಸಲ ಬರೆಯಬಹುದು? ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಓದಿದ್ದು ಮರೆಯುವುದೇಕೆ? (ಓದುಗರೊಬ್ಬರು, ಬಶೀರಾಬಾದ್, ತೆಲಂಗಾಣ)

ಉತ್ತರ: ನೀಟ್‌ಗೆ ಇಷ್ಟೇ ಸಲವೆಂಬ ಮಿತಿಯಿಲ್ಲ. ಜೆಇಇ ಮೇನ್ ಈಗ ವರ್ಷಕ್ಕೆರಡು ಸಲ ನಡೆಯುತ್ತದೆ. ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಜೆಇಇ ಅಡ್ವಾನ್ಸ್ಡ್ ಮಾತ್ರ ಬಿಗಿ: ಸತತ ಎರಡು ವರ್ಷ, ಎರಡೇ ಅವಕಾಶ.

ತೆಲಂಗಾಣದ ಎಂಜಿನಿಯರಿಂಗ್ ರ‍್ಯಾಂಕಿಗೆ ಇಂಟರ್ ಅಂಕದ ಶೇ 25ರ ಪಾಲು 2023ರಲ್ಲಿ ರದ್ದಾಯಿತು. ಹಾಗಾಗಿ ಹಳೆಯ ಅಂಕಪಟ್ಟಿ ಅಲ್ಲಿ ಕಾಲೆಳೆಯದು. ಗಡಿಯಾಚೆ, ಕರ್ನಾಟಕದ ಸೇಡಂನ ಕಥೆ ಬೇರೆ. ಅಲ್ಲಿನ ಸಿಇಟಿ ರ‍್ಯಾಂಕಿಗೆ ಪಿಯು ಅಂಕದ್ದು ಅರ್ಧ ಪಾಲು. ಕೋವಿಡ್‌ನಿಂದ 2021ರಲ್ಲಿ ಪರೀಕ್ಷೆಯಿಲ್ಲದೆ ಪಾಸಾದವರ ಪಿಯು ಅಂಕವನ್ನು 2022ರಲ್ಲಿ ಕೈಬಿಟ್ಟಾಗ, ಸಿಇಟಿಯನ್ನು ಮತ್ತೆ ಬರೆದವರು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು.

ಇನ್ನು ಭಯ. ಲೆಕ್ಕ ಬಿಡಿಸುವಾಗ ಅಂಕಿಗಳನ್ನು ಕ್ಷಣಕಾಲ ಹಿಡಿದಿಡುವ ಮನಸ್ಸಿನ ಜಾಗವನ್ನು ಚಿಂತೆ ಆಕ್ರಮಿಸುತ್ತದೆ. ಓದಿದ್ದು ಅಳಿಸಿಹೋಗಿರುವುದಿಲ್ಲ, ಕೈಗೆ ಸಿಗುವುದಿಲ್ಲ ಅಷ್ಟೆ. ಶಿಕಾಗೊ ವಿಶ್ವವಿದ್ಯಾಲಯದ ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಹೆದರಿಕೆಯನ್ನೇ ಕಾಗದಕ್ಕಿಳಿಸಿದ ಅಂಜುಬುರುಕ ವಿದ್ಯಾರ್ಥಿಗಳ ಅಂಕ ಏರಿತು. ಖರ್ಚು ಒಂದು ಹಾಳೆ!

ನೀಟ್‌ನಲ್ಲಿ ತಪ್ಪುತ್ತರಕ್ಕೆ ಒಂದಂಕ ಕಡಿತ. ಗಾಬರಿಯಲ್ಲಿ ಊಹಿಸುವುದು ದುಬಾರಿ. ಸಮಯ ಹಿಡಿದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೇ ಮೇಲು. ನಿದ್ದೆ, ಊಟ ಕೆಟ್ಟರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.