ಏರು ಹತ್ತುವಾಗ ಗೇರ್‌ಬಾಕ್ಸ್ ಏಕೆ ಕುದಿಯುತ್ತದೆ?

ಅರಿಜೋನಾದಲ್ಲಿ ನೆಲೆಸಿರುವ ಓದುಗರೊಬ್ಬರ ಪ್ರಶ್ನೆ: ‘ಪಿಕಪ್ ಟ್ರಕ್ಕಿಗೆ ಟ್ರೇಲರ್ ಕಟ್ಟಿಕೊಂಡು ಬೆಟ್ಟ ಏರಿದರೆ ಟ್ರಾನ್ಸ್‌ಮಿಷನ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬರುತ್ತದೆ. ಗ್ಯಾರೇಜಿನವರು ಇಡೀ ಗೇರ್‌ಬಾಕ್ಸನ್ನೇ ಬದಲಿಸಿ ಎನ್ನುತ್ತಾರೆ. ಬೇಕೇ?’

ಬಿಸಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡದೆ ಯಾರೂ ಸ್ಪ್ಯಾನರ್ ಎತ್ತಬಾರದು.

ಅಮೆರಿಕದ ಪಿಕಪ್‌ಗಳು ಬಹುಪಾಲು ಆಟೊಮ್ಯಾಟಿಕ್. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಇದು ಹುಟ್ಟಿದ್ದು ಹಡಗಿಗಾಗಿ. ವೇಗವಾಗಿ ಸುತ್ತುವ ಹಬೆ ಟರ್ಬೈನಿನ ಶಕ್ತಿಯನ್ನು ನಿಧಾನವಾಗಿ ತಿರುಗಬೇಕಾದ ಪ್ರೊಪೆಲ್ಲರಿಗೆ ದಾಟಿಸುವುದು ಹೇಗೆ? ಜರ್ಮನಿಯ ವುಲ್ಕಾನ್ ಹಡಗು ಕಾರ್ಖಾನೆಯಲ್ಲಿದ್ದ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಉತ್ತರ ಬಲು ಸೊಗಸಾದದ್ದು. ಒಂದು ಚಕ್ರ ದ್ರವವನ್ನು ಎರಚುತ್ತದೆ, ಟರ್ಬೈನ್ ಎಂಬ ಇನ್ನೊಂದು ಆ ರಭಸಕ್ಕೆ ತಿರುಗುತ್ತದೆ. ಮರಳಿ ಬರುವ ದ್ರವದ ದಿಕ್ಕನ್ನು ನಡುವಿನ ಅಲುಗಾಡದ ಅಲಗುಗಳು ತಿದ್ದುತ್ತವೆ. ತಿರುಚುಬಲ ಹೆಚ್ಚುವುದು ಈ ತಿದ್ದುವಿಕೆಯಿಂದಲೇ.

ಇದಕ್ಕೆ ತೆರುವ ಬೆಲೆ ಬಿಸಿ. ಎಂಜಿನ್ 100 ಕಿಲೋವಾಟ್ ಕೊಟ್ಟು, ಕನ್ವರ್ಟರ್ 80ನ್ನಷ್ಟೇ ದಾಟಿಸಿದರೆ ಮಿಕ್ಕ 20 ಕಿಲೋವಾಟ್ ಎಣ್ಣೆಗೆ ಹೋಗುತ್ತದೆ. ಹತ್ತು ಲೀಟರ್ ಎಣ್ಣೆಯಲ್ಲಿ ಬಚ್ಚಲುಮನೆಯ ಹತ್ತು ಗೀಸರುಗಳನ್ನು ಒಟ್ಟಿಗೆ ಹಚ್ಚಿದಂತೆ! ಎಣ್ಣೆಯನ್ನು ತಣಿಸುವ ಕೂಲರ್ ಇಲ್ಲದಿದ್ದರೆ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಏರುತ್ತದೆ. 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಚೆನ್ನಾಗಿರುವ ಎಣ್ಣೆ 120 ದಾಟಿ ಬಹಳ ಹೊತ್ತು ನಿಂತರೆ ಕೆಡತೊಡಗುತ್ತದೆ. ಅದಕ್ಕೇ ಸಮರಸ್ತೆಯಲ್ಲಿ ಲಾಕಪ್ ಕ್ಲಚ್ ಎರಡೂ ಚಕ್ರಗಳನ್ನು ಬಿಗಿದು ಜಾರದಂತೆ ಹಿಡಿಯುತ್ತದೆ. ಕಡಿದಾದ ಏರಿನಲ್ಲಿ ಅದು ಬಿಟ್ಟುಕೊಳ್ಳುತ್ತದೆ.

ಪತ್ತೆ ಶುರುವಾಗಬೇಕಾದ್ದು ಇಲ್ಲಿ. ಸ್ಕ್ಯಾನರ್ ಜೋಡಿಸಿ, ಟ್ರೇಲರ್ ಸಮೇತ ಅದೇ ಏರು ಹತ್ತಿಸಿ. ನಿಮಿಷಕ್ಕೆ ಎಂಜಿನ್ ಸುತ್ತು 2,400, ಕನ್ವರ್ಟರಿನ ಟರ್ಬೈನ್ ಸುತ್ತು 1,900 ಇದ್ದು ಲಾಕಪ್ ಬಿಟ್ಟಿದ್ದರೆ ಬಿಸಿಯ ಮೂಲ ಸಿಕ್ಕಿತು. ಟೋ ಮೋಡ್ ಹಾಕಿ, ಒಂದು ಗೇರ್ ಇಳಿಸಿ, ಲಾಕಪ್ ಹಿಡಿದರೆ ಬಿಸಿ ಇಳಿಯುತ್ತದೆ. ಲಾಕಪ್ ಹಿಡಿದಿದೆ ಎಂದು ಸ್ಕ್ಯಾನರ್ ಹೇಳಿಯೂ ಇಷ್ಟು ಅಂತರ ಉಳಿದಿದ್ದರೆ ಆ ಕ್ಲಚ್ ಜಾರುತ್ತಿದೆ. ಅಂತರವೇ ಇಲ್ಲದೆ ಸಮರಸ್ತೆಯಲ್ಲೂ ಬಿಸಿ ಏರುತ್ತಿದ್ದರೆ ಕೂಲರಿನ ಎರಡು ಕೊಳವೆಗಳ ಬಿಸಿ ಅಳೆಯಿರಿ. ಒಳಹೋಗುವುದೂ ಹೊರಬರುವುದೂ ಒಂದೇ ಬಿಸಿಯಾದರೆ ಕೂಲರಿಗೆ ಗಾಳಿ ತಾಗುತ್ತಿಲ್ಲ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಎಣ್ಣೆ ಹರಿಯುತ್ತಿಲ್ಲ. ಬೈಪಾಸ್ ಕವಾಟ ಸಿಕ್ಕಿಕೊಂಡಿರಬಹುದು.

ಎಳೆಯುವ ಭಾರದ ಮಿತಿ ಗೊತ್ತುಪಡಿಸುವ ಎಸ್‌ಎಇ ಜೆ2807 ಪರೀಕ್ಷೆಯ ಏರು ನಿಮ್ಮ ರಾಜ್ಯದಲ್ಲೇ ಇದೆ: ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಲೋಮೀಟರ್. ಎಸಿ ಪೂರ್ತಿ ಹಚ್ಚಿ, 38 ಡಿಗ್ರಿ ಬಿಸಿಲಲ್ಲಿ ಹತ್ತಿಸುತ್ತಾರೆ. ಈ ಪರೀಕ್ಷೆ ದಾಟಿದ ಟ್ರಕ್ಕು ಮಿತಿಯೊಳಗಿನ ಭಾರಕ್ಕೆ ಕುದಿಯುತ್ತಿದ್ದರೆ ಎಲ್ಲೋ ದೋಷವಿದೆ. ಆದರೆ ಎಣ್ಣೆ ಸುಟ್ಟ ವಾಸನೆ ಬಾರದೆ, ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆಯಲ್ಲಿ ಕಪ್ಪು ಪುಡಿ ಕಾಣದೆ, ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಮೊದಲು ಕೂಲರ್ ನೋಡಿಸಿ.