ಫಲಕದ ಊಟ, ಒಲೆಯ ಊಟ

ಪ್ರವಾಸದಿಂದ ಮರಳಿದವರನ್ನು ಮಾತಿಗೆಳೆದು ನೋಡಬೇಕು. ಕಂಡ ಗುಡಿ ಗೋಪುರಗಳ ವರ್ಣನೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಉಂಡ ಊಟದ ಕಥೆ ಅರ್ಧ ಗಂಟೆಯಾದರೂ ಮುಗಿಯುವುದಿಲ್ಲ. ಆ ಕಥೆಯಲ್ಲಿ ಹೊಗಳಿಕೆಗಿಂತ ದೂರೇ ಹೆಚ್ಚು. “ಅಷ್ಟೊಂದು ಹೆಸರು ಕೇಳಿ ಹೋದೆವು, ಹೋಗಿ ನೋಡಿದರೆ ಏನೂ ಇರಲಿಲ್ಲ” ಎಂಬುದೇ ಅದರ ಪಲ್ಲವಿ. ವರ್ಷಕ್ಕೊಮ್ಮೆ ದೊರೆಯುವ ರಜೆ, ತಿಂಗಳುಗಟ್ಟಲೆ ಕೂಡಿಟ್ಟ ಹಣ, ಜೊತೆಯಲ್ಲಿ ಹಸಿವು ತಾಳದ ಮಕ್ಕಳು, ಪಥ್ಯದ ಹಿರಿಯರು. ಇಷ್ಟನ್ನೂ ಕಟ್ಟಿಕೊಂಡು ಹೊರಟ ಸಂಸಾರಕ್ಕೆ ಒಂದು ಹೊತ್ತಿನ ಊಟ ಕೆಟ್ಟಿತೆಂದರೆ ಒಂದು ದಿನವೇ ಕೆಟ್ಟಂತೆ. ಆದುದರಿಂದ ಈ ದೂರನ್ನು ಬರಿಯ ನಾಲಗೆಯ ಚಾಪಲ್ಯವೆಂದು ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಕೆಟ್ಟದ್ದು ಊಟವೋ, ಊಟದ ಬಗೆಗೆ ಮನೆಯಲ್ಲೇ ಕಟ್ಟಿಕೊಂಡು ಹೋದ ಎಣಿಕೆಯೋ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ವಿಚಾರಕ್ಕೆ ವಿಜಯಪುರ ಜಿಲ್ಲೆ ಒಳ್ಳೆಯ ನಿದರ್ಶನ. ಬೆಂಗಳೂರು, ಮೈಸೂರುಗಳಲ್ಲಿ “ಉತ್ತರ ಕರ್ನಾಟಕ ಶೈಲಿಯ ಊಟ” ಎಂಬ ಫಲಕ ಈಗ ಅಪರೂಪವಲ್ಲ. ಕೆಲವೆಡೆ ಗೋಡೆಗೊಂದು ಬಂಡಿಯ ಗಾಲಿ, ಬಡಿಸುವವನ ತಲೆಗೊಂದು ರುಮಾಲು, ಹಿತ್ತಾಳೆಯ ತಟ್ಟೆಯಲ್ಲಿ ಹತ್ತಾರು ಬಟ್ಟಲು! ಇದನ್ನುಂಡವರ ಮನಸ್ಸಿನಲ್ಲಿ ಒಂದು ಚಿತ್ರ ನೆಲೆಸುತ್ತದೆ. “ಇಲ್ಲಿಯೇ ಹೀಗಿದ್ದರೆ ಅಲ್ಲಿ ಇನ್ನು ಹೇಗಿರಬೇಡ!” ಎಂದುಕೊಂಡೇ ಅವರು ರೈಲು ಹತ್ತುತ್ತಾರೆ. ಬೆಳಗಿನಲ್ಲಿ ಗೋಳಗುಮ್ಮಟ, ಅಲ್ಲಿಂದ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ, ಮುಂದೆ ಆಲಮಟ್ಟಿಯ ಜಲಾಶಯ ಮತ್ತು ಉದ್ಯಾನಗಳು, ಸಾಧ್ಯವಾದರೆ ಕೂಡಲಸಂಗಮ. ಇಷ್ಟನ್ನು ಒಂದೇ ದಿನದಲ್ಲಿ ಮುಗಿಸಹೊರಟವರು ಮಧ್ಯಾಹ್ನ ಮೂರೂವರೆಗೆ ಬಳಲಿ ಬಂದು, ದಾರಿಯ ಬದಿಯ ಚಿಕ್ಕ ಖಾನಾವಳಿಯೊಂದರಲ್ಲಿ ಕುಳಿತು, ತಮ್ಮ ಮನಸ್ಸಿನ ಹಿತ್ತಾಳೆಯ ತಟ್ಟೆಯನ್ನು ಹುಡುಕುತ್ತಾರೆ. ಅದು ಅಲ್ಲಿ ಇರುವುದಿಲ್ಲ.

ಅಲ್ಲಿ ಇರುವುದು ಬೇರೆ.

ದಿನದ ಊಟದ ಮನೆ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ನಾಡು ಇದು. ಇಂಡಿ, ಸಿಂದಗಿಗಳು ಭೀಮೆಯ ಕಡೆಯವು; ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಕೃಷ್ಣೆಯ ಕಡೆಯವು. ಮಳೆ ಕಡಿಮೆ, ಆದರೆ ಎರೆಮಣ್ಣು ಹೀರಿಟ್ಟುಕೊಂಡ ತೇವದಲ್ಲಿಯೇ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬರ್ಥದ ಮಾತು ಈ ಸೀಮೆಯಲ್ಲಿ ಇಂದಿಗೂ ಉಂಟು.

ಈ ನಾಲ್ಕು ಪಟ್ಟಣಗಳಲ್ಲಿಯೂ ಖಾನಾವಳಿಗಳಿವೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಜಿಲ್ಲೆಗೆ ಹೆಸರು ಮರಾಠಿಯ ನೆರೆಯಿಂದ ಬಂದಿತು. ಅಡುಗೆ ಮಾತ್ರ ಈ ನೆಲದ್ದೇ. ಖಾನಾವಳಿ ಹುಟ್ಟಿದ್ದು ಪ್ರವಾಸಿಗಾಗಿ ಅಲ್ಲ. ಊರು ಬಿಟ್ಟು ಓದಲು ಬಂದ ಹುಡುಗ, ವರ್ಗವಾಗಿ ಬಂದ ಗುಮಾಸ್ತ, ಸಂತೆಗೂ ಕೋರ್ಟಿಗೂ ಬಂದ ರೈತ, ಇವರಿಗಾಗಿ. ಇವರಲ್ಲಿ ಹಲವರು ತಿಂಗಳ ಲೆಕ್ಕದ ಗಿರಾಕಿಗಳು. ಇಂದು ಉಂಡವನು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಅಂಥವನನ್ನು ಬಂಡಿಯ ಗಾಲಿ ತೋರಿಸಿ ಮೆಚ್ಚಿಸಲಾಗದು. ಹೊಟ್ಟೆಗೆ ಹಿತವಾಗಿ, ಕಿಸೆಗೆ ಭಾರವಾಗದಂತೆ ಬಡಿಸಿಯೇ ಉಳಿಸಿಕೊಳ್ಳಬೇಕು.

ಹೀಗಾಗಿ ಅಲ್ಲಿಯ ತಟ್ಟೆ ಸರಳ. ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ ಅಥವಾ ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿ ಅಥವಾ ಗುರೆಳ್ಳಿನ ಚಟ್ನಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕೊನೆಗೆ ಅನ್ನ ಮತ್ತು ಸಾರು. ಇದು ಹಬ್ಬದೂಟವಲ್ಲ, ದಿನದ ಊಟ. ಬಂದವನು ಮಾತ್ರ ದಿನದ ಊಟದಲ್ಲಿ ಹಬ್ಬವನ್ನು ಹುಡುಕುತ್ತಾನೆ. ಅವನ ನಿರಾಶೆಯ ಬೇರು ಇರುವುದು ಇಲ್ಲಿ.

ರೊಟ್ಟಿಗೂ ಒಂದು ಮುಹೂರ್ತ

ಎಲ್ಲಕ್ಕಿಂತ ಹೆಚ್ಚಿನ ತಪ್ಪು ತಿಳಿವಳಿಕೆ ರೊಟ್ಟಿಯ ವಿಷಯದಲ್ಲಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಕೈಯಿಂದ ಬಡಿದು ಅಗಲ ಮಾಡಿ, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಹಂಚಿನಿಂದ ಇಳಿದ ರೊಟ್ಟಿಯ ಮೆತ್ತಗಿನ ಗುಣ ಕೆಲವೇ ನಿಮಿಷಗಳದ್ದು. ಆರಿದಂತೆ ಅದು ಬಿರುಸಾಗುತ್ತದೆ. ಈ ದೋಷವನ್ನೇ ಗುಣವಾಗಿ ಮಾಡಿಕೊಂಡ ಜಾಣ್ಮೆಯೇ ಕಟಕ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ತೇವವೆಲ್ಲ ಆರುವಂತೆ ಒಣಗಿಸಿಟ್ಟರೆ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ಹೋಗುವವರ ಬುತ್ತಿ ಅದು.

ಇದನ್ನರಿಯದ ಗೃಹಿಣಿಯೊಬ್ಬಳು ತಟ್ಟೆಯಲ್ಲಿಯ ರೊಟ್ಟಿಯನ್ನು ಮುರಿದು ನೋಡಿ, “ಇದು ಹಳೆಯದು, ಬದಲಾಯಿಸಿ ಕೊಡಿ” ಎನ್ನುವುದುಂಟು. ಆಗ ಒಲೆಯ ಮುಂದಿನ ಹೆಂಗಸು ನಕ್ಕು ಹೇಳುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ:

“ಹಳೇದಲ್ರೀ ಅಕ್ಕಾರ, ಕಟಕ ರೊಟ್ಟಿ ಅಂದ್ರ ಹಿಂಗ ಇರತೈತ್ರಿ. ಪಲ್ಯಾದಾಗ ಮುರದು ಹಾಕ್ಕೊಂಡು ಉಣ್ರಿ. ಬಿಸಿ ಬೇಕಂದ್ರ ಸ್ವಲ್ಪ ತಡೀರಿ, ಬಡದು ಕೊಡ್ತೀನಿ.”

ಆ “ಸ್ವಲ್ಪ ತಡೀರಿ” ಎಂಬ ಮಾತಿನಲ್ಲಿ ಒಂದು ಗಣಿತವಿದೆ. ಒಂದು ರೊಟ್ಟಿ ಬಡಿದು ಬೇಯಿಸಲು ಎರಡು ನಿಮಿಷವೆಂದು ಹಿಡಿದರೂ, ಪ್ರವಾಸದ ಬಸ್ಸಿನಿಂದ ಒಮ್ಮೆಗೇ ಇಳಿದ ನಲವತ್ತು ಜನರಿಗೆ ತಲೆಗೆರಡರಂತೆ ಎಂಬತ್ತು ರೊಟ್ಟಿಗಳಿಗೆ ಒಂದು ಒಲೆಯ ಮೇಲೆ ಎರಡೂವರೆ ಗಂಟೆಗೂ ಮಿಕ್ಕಿ ಬೇಕು. ಯಾವ ಜಾಹೀರಾತೂ ಈ ಲೆಕ್ಕವನ್ನು ಬದಲಿಸಲಾರದು. ಬಿಸಿರೊಟ್ಟಿ ಬೇಕಾದವರು ನಾಲ್ಕೈದು ಜನರಾಗಿ, ಮಧ್ಯಾಹ್ನದ ಒಂದು ಗಂಟೆಯ ಸುಮಾರಿಗೆ, ಒಲೆ ಉರಿಯುತ್ತಿರುವಾಗ ಹೋಗಬೇಕು. ತಡವಾಗಿ ಹೋದವರು ಕಟಕ ರೊಟ್ಟಿಯನ್ನು ಕಟಕ ರೊಟ್ಟಿಯೆಂದೇ ಕೇಳಿ ಉಣ್ಣಬೇಕು.

ಕೋಟೆಯೊಳಗಿನ ಔತಣ

ಈ ನಿರಾಶೆ ನಮ್ಮ ಪ್ರವಾಸಿಗಳಿಗೆ ಮಾತ್ರ ಮೀಸಲಾದುದಲ್ಲ. ವಿನೋದದ ಉದ್ಯಾನಗಳಿಗೆ ಜಗತ್ತಿನಲ್ಲೇ ಹೆಸರಾದ ಡಿಸ್ನಿಲ್ಯಾಂಡ್ ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ 1955ರ ಜುಲೈ 17ರಂದು ತೆರೆದಾಗ, ಕಳ್ಳ ಟಿಕೆಟುಗಳ ಕಾರಣದಿಂದ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿದರು. ಊಟದ ಮನೆಗಳಲ್ಲಿ ತಿನಿಸೂ ಪಾನೀಯವೂ ಮುಗಿದುಹೋದವು. ನಲ್ಲಿ ಕೆಲಸಗಾರರ ಮುಷ್ಕರದ ಕಾರಣ ಕುಡಿಯುವ ನೀರಿನ ಹಲವು ನಲ್ಲಿಗಳೂ ಬರಿದಾಗಿದ್ದವು. ಕನಸಿನ ಲೋಕದ ಮೊದಲ ದಿನ ಬಿಸಿಲಿನಲ್ಲಿ ಬಾಯಾರಿಕೆಯಿಂದ ಕಳೆಯಿತು.

ಆ ಪಾಠದಿಂದ ಅವರು ವ್ಯವಸ್ಥೆಯನ್ನು ಬಿಗಿಗೊಳಿಸಿದರು. 1967ರಲ್ಲಿ ಅದೇ ಉದ್ಯಾನದಲ್ಲಿ ತೆರೆದ ಬ್ಲೂ ಬಾಯೂ ಎಂಬ ಊಟದ ಮನೆಯಲ್ಲಿ ಹೊರಗೆ ನಡುಹಗಲಾದರೂ ಒಳಗೆ ಸದಾ ಇರುಳು. ಉಣ್ಣುವವರ ಪಕ್ಕದಲ್ಲೇ ದೋಣಿಗಳು ಸಾಗುತ್ತವೆ. ಫ್ಲಾರಿಡದಲ್ಲಿ 1971ರಲ್ಲಿ ತೆರೆದ ಡಿಸ್ನಿಯ ಇನ್ನೊಂದು ಉದ್ಯಾನದಲ್ಲಿ ಸಿಂಡರೆಲಾಳ ಕೋಟೆಯೊಳಗೇ ಊಟ. ಅಲ್ಲಿಯ ಜಾಗವನ್ನು 60 ದಿನ ಮುಂಚಿತವಾಗಿಯೇ ಕಾದಿರಿಸಬಹುದು. ಎರಡು ತಿಂಗಳು ಕಾದು, ಕೈತುಂಬ ಹಣ ತೆತ್ತು, ಕೊನೆಗೆ “ಅಡುಗೆ ಸಾಧಾರಣ” ಎಂದು ಗೊಣಗುವವರು ಅಲ್ಲಿಯೂ ಇಲ್ಲದಿಲ್ಲ. ಅವರು ಕೊಂಡದ್ದು ಅಡುಗೆಯನ್ನಲ್ಲ, ಕೋಟೆಯನ್ನು. ರಾಜಕುಮಾರಿಯನ್ನು ಕಂಡು ಹಿಗ್ಗಿದ ಮಗುವಿನ ಲೆಕ್ಕದಲ್ಲಿ ಹಣ ಸಂದಿದೆ. ರುಚಿಯನ್ನು ಎಣಿಸಿ ಹೋದ ತಂದೆಯ ಲೆಕ್ಕದಲ್ಲಿ ಮಾತ್ರ ಸಂದಿಲ್ಲ.

ನೋಟಕ್ಕೆ ಕೊಡುವ ಹಣ ಬೇರೆ, ರುಚಿಗೆ ಕೊಡುವ ಹಣ ಬೇರೆ. ಎರಡೂ ನ್ಯಾಯವಾದ ವ್ಯಾಪಾರಗಳೇ. ಒಂದಕ್ಕೆ ಹಣ ಕೊಟ್ಟು ಇನ್ನೊಂದನ್ನು ಕೇಳುವುದರಿಂದಲೇ ಮನಸ್ತಾಪ. ಬಂಡಿಯ ಗಾಲಿ ತೂಗಹಾಕಿದ ಹೋಟೆಲಿನಲ್ಲಿ ಮಕ್ಕಳು ಆಡಿ ನಲಿದರೆ ಅದು ಲಾಭವೇ. ಆಲಮಟ್ಟಿಯ ವಿಷಯವೂ ಹೀಗೆಯೇ. ಲಾಲ್ ಬಹಾದ್ದೂರ್ ಶಾಸ್ತ್ರಿಗಳು 1964ರಲ್ಲಿ ಶಂಕುಸ್ಥಾಪನೆ ಮಾಡಿದ, ಇಂದು ಅವರ ಹೆಸರನ್ನೇ ಹೊತ್ತಿರುವ ಜಲಾಶಯದ ಬಳಿ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೂ ಈಗ ನಿಡಗುಂದಿ ತಾಲ್ಲೂಕಿಗೂ ಸೇರಿದ ಈ ಊರಿನಲ್ಲಿ, ಬಂಡೆಗಳ ಉದ್ಯಾನವಿದೆ, ಸಂಗೀತ ಕಾರಂಜಿಯಿದೆ. ಜನ ಬರುವುದು ಅವುಗಳಿಗಾಗಿ. ಒಮ್ಮೆ ಬಂದು ಹೋಗುವವರೇ ಹೆಚ್ಚಾಗಿರುವ ಯಾವ ತಾಣದ ಬಾಗಿಲಲ್ಲೂ ತಿನಿಸಿನ ಕೆಲಸ ಹಸಿವನ್ನು ತಣಿಸುವುದು. ಅದರಿಂದ ಅಷ್ಟನ್ನೇ ಎಣಿಸುವುದು ಜಾಣತನ.

ಹಣಕ್ಕೆ ಸಿಗದ ರುಚಿಗಳು

ಹಾಗಾದರೆ ಈ ನಾಡಿನ ಹಬ್ಬದೂಟ ಎಲ್ಲಿದೆ? ಅದು ಹೋಟೆಲಿನಲ್ಲಿಲ್ಲ, ಋತುವಿನಲ್ಲಿದೆ. ಎಳ್ಳಮಾವಾಸ್ಯೆಯಂದು ರೈತರ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವೂ ಅಂದು ಬುಟ್ಟಿಯಲ್ಲಿರುತ್ತವೆ. ತೆನೆ ಹಾಲುಗಟ್ಟಿ ಬಲಿಯುವ ಮೊದಲಿನ ಕೆಲವು ವಾರಗಳಲ್ಲಿ ಎಳೆಜೋಳವನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿ, ಹಸಿಕಡಲೆಯ ಸುಲಗಾಯಿ, ಇವುಗಳ ರುಚಿಯನ್ನು ಬೇಸಗೆಯ ರಜೆಯಲ್ಲಿ ಬಂದವರು ಎಷ್ಟು ಹಣ ಕೊಟ್ಟರೂ ಪಡೆಯಲಾರರು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಇಂಡಿಯೇ. ಆದರೂ ಅಲ್ಲಿಯ ಬಿಸಿಲಿನಲ್ಲಿ ಕಾರಿನಿಂದಿಳಿದವರು ಲಿಂಬೆಯ ಪಾನಕ ಕೇಳದೆ ಬಾಟಲಿಯ ಬಣ್ಣದ ನೀರನ್ನೇ ಕೇಳುತ್ತಾರೆ! ಹೆಸರಿಲ್ಲದ ರುಚಿ ಎದುರಿಗಿದ್ದರೂ ಕಣ್ಣಿಗೆ ಬೀಳದು. ಹೆಸರಿರುವ ರುಚಿ ಕೈಗೆ ಬಂದರೂ ಮನಸ್ಸಿಗೆ ಸಾಲದು.

ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಗೆ ಬಂದು ದಾಸೋಹದ ಪಂಕ್ತಿಯಲ್ಲಿ ಕುಳಿತವರಾಗಲಿ, ಹೊಳೆ ದಾಟಿ ಕೂಡಲಸಂಗಮಕ್ಕೆ ಹೋಗಿ ಪ್ರಸಾದ ಪಡೆದವರಾಗಲಿ ಸಾರಿಗೆ ಉಪ್ಪು ಕಡಿಮೆಯೆಂದು ದೂರುವುದು ಅಪರೂಪ. ಅಲ್ಲಿಯ ಅಡುಗೆ ಖಾನಾವಳಿಯದಕ್ಕಿಂತ ವಿಶೇಷವೆಂದೇನೂ ಅಲ್ಲ. ಅಲ್ಲಿ ಯಾರೂ ಯಾವ ಭರವಸೆಯನ್ನೂ ಕೊಟ್ಟಿರುವುದಿಲ್ಲ, ಬಡಿಸಿದ್ದೆಲ್ಲವೂ ಲಾಭವೇ.

ಎರಡು ಕಡೆಯ ಲೆಕ್ಕ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ದೂರುಗಳೂ ಪ್ರವಾಸಿಯ ಭ್ರಮೆಯೆಂದಲ್ಲ. ಹಳಸಿದ ಪಲ್ಯ, ಕೊಳೆನೀರು, ಹೊರಗಿನವರೆಂದು ತಿಳಿದು ಏರಿಸಿದ ದರ, ಇವು ದೋಷಗಳೇ. ಅವುಗಳನ್ನು ಸಹಿಸಬೇಕಾದ ಕಾರಣವಿಲ್ಲ. ಕುಡಿಯುವ ನೀರನ್ನು ಜೊತೆಗೊಯ್ಯುವುದು, ಕೂರುವ ಮೊದಲೇ ದರ ವಿಚಾರಿಸುವುದು, ಖಾರ ಕಡಿಮೆ ಬೇಕೆಂದು ಮೊದಲೇ ಹೇಳುವುದು, ಮಕ್ಕಳಿಗೆ ಮೊಸರು ಅನ್ನ ಸಿಗುವುದೇ ಎಂದು ಕೇಳಿಕೊಳ್ಳುವುದು, ಇವೆಲ್ಲ ಸಂಸಾರಸ್ಥರು ಅನುಸರಿಸತಕ್ಕ ಕ್ರಮಗಳು. ಎಲ್ಲಿ ಉಣ್ಣಬೇಕೆಂದು ತಿಳಿಯಲು ಫಲಕವನ್ನು ನೋಡುವುದಕ್ಕಿಂತ ಗಿರಾಕಿಗಳನ್ನು ನೋಡುವುದು ಮೇಲು. ಸಿಂದಗಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಬಸ್ ನಿಲ್ದಾಣದ ನೌಕರರೂ ಕಚೇರಿಯ ಗುಮಾಸ್ತರೂ ಉಣ್ಣುವ ಮನೆಯೇ ನಂಬಿಕೆಯ ಮನೆ. ಅವರು ದಿನವೂ ಮೋಸಹೋಗಲಾರರು.

ಬಡಿಸುವವರ ಕಡೆಯ ಲೆಕ್ಕ ಇನ್ನೂ ದೊಡ್ಡದು. ಬಂದವರೆಲ್ಲ ರೊಟ್ಟಿಯನ್ನು ತಳ್ಳಿ ಗೋಬಿ ಮಂಚೂರಿಯನ್ನೂ ಪನೀರಿನ ಪಲ್ಯವನ್ನೂ ಕೇಳುತ್ತ ಹೋದರೆ ಖಾನಾವಳಿಯವನು ಅದನ್ನೇ ಮಾಡುತ್ತಾನೆ, ಅವನಿಗೂ ಹೊಟ್ಟೆಯಿದೆ. ಆಗ ಕೆಲಸ ಕಳೆದುಕೊಳ್ಳುವವಳು ಒಲೆಯ ಮುಂದೆ ಕುಳಿತ ಹೆಂಗಸು. ಈ ಸೀಮೆಯಲ್ಲಿ ಎಷ್ಟೋ ಮನೆಗಳು ಎಣಿಕೆಯ ಮೇಲೆ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸುತ್ತವೆ. ತಾಯಿಯಿಂದ ಮಗಳಿಗೆ ಬಂದ ಆ ಕೈಚಳಕ ಯಾವ ಪುಸ್ತಕದಲ್ಲೂ ದೊರೆಯದು. ಪ್ರವಾಸಿ ಕೇಳಿದರೆ ಅದು ಉಳಿಯುತ್ತದೆ. ಕೇಳದಿದ್ದರೆ ಮುಂದೊಂದು ದಿನ ಅದು ಬಂಡಿಯ ಗಾಲಿಯಂತೆ ಗೋಡೆಯ ಮೇಲಿನ ಅಲಂಕಾರವಾದೀತು.

ವಿಜಯಪುರದ ಕಡೆಗೆ ಪ್ರವಾಸ ಬೆಳೆಸುವ ಸಂಸಾರಗಳು ನೋಡುವ ಸ್ಥಳಗಳಲ್ಲಿ ಒಂದನ್ನು ಬಿಟ್ಟಾದರೂ ಮಧ್ಯಾಹ್ನದ ಒಂದು ಗಂಟೆಯನ್ನು ಊಟಕ್ಕೆಂದು ಮೀಸಲಿಡಲಿ. ಅಲ್ಲಿಯವರು ಏನು ಉಣ್ಣುತ್ತಿದ್ದಾರೆಂದು ನೋಡಿ ಅದನ್ನೇ ಕೇಳಲಿ. ಕಟಕ ರೊಟ್ಟಿಯ ಕಟ್ಟೊಂದನ್ನೂ ಶೇಂಗಾ ಚಟ್ನಿಯ ಪೊಟ್ಟಣವೊಂದನ್ನೂ ಕೊಂಡು ಮನೆಗೆ ಒಯ್ಯಲಿ. ಪ್ರವಾಸದ ಆಯಾಸವೆಲ್ಲ ಕಳೆದ ಮೇಲೆ, ಮಳೆಯ ಸಂಜೆಯೊಂದರಲ್ಲಿ ಮೊಸರಿನೊಡನೆ ಆ ರೊಟ್ಟಿಯನ್ನು ಮುರಿದು ತಿನ್ನುವಾಗ ಅದರ ನಿಜವಾದ ರುಚಿ ತಿಳಿದೀತು.

ಅಷ್ಟು ಹೊತ್ತಿಗೆ ಹೊತ್ತೊಯ್ದ ಎಣಿಕೆಗಳೆಲ್ಲ ಮರೆತುಹೋಗಿರುತ್ತವೆ, ಮಿಕ್ಕಿರುವುದು ರೊಟ್ಟಿಯೊಂದೇ.