ಒಂದೇ ಮಾತ್ರೆ, ಎರಡು ಔಷಧ

ಆಲುವಕ್ಕೆ ಬಂದ ಮೇಲೆ ಶಿವರಾತ್ರಿಗೆ ಪೆರಿಯಾರ್ ದಡದ ಮಣಪ್ಪುರಕ್ಕೆ ಹೋಗುವುದು ನಮ್ಮ ಮನೆಯಲ್ಲೂ ರೂಢಿಯಾಗಿದೆ. ಉಪವಾಸ, ಜಾಗರಣೆ ಎರಡೂ ಇರುತ್ತವೆ. ನನಗೆ ಸಕ್ಕರೆ ಕಾಯಿಲೆ. ಹಾಗಾಗಿ ಈ ಸಲ ಹಬ್ಬಕ್ಕೆ ಮೊದಲೇ ಮಾತ್ರೆಯ ಸ್ಟ್ರಿಪ್ಪನ್ನು ಡಾಕ್ಟರ ಮುಂದಿಟ್ಟೆ.

ಅದರಲ್ಲಿ ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಒಟ್ಟಿಗಿವೆ. ಮೆಟ್‌ಫಾರ್ಮಿನ್, ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ; ಅದೊಂದರಿಂದಲೇ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಊಟ ಮಾಡಿದರೂ ಬಿಟ್ಟರೂ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಬೆವರು, ನಡುಕ ಬರಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ ಗ್ಲೂಕೋಸ್ ಕುಡಿಯಬೇಕು. ಉಪವಾಸ ಅಲ್ಲಿಗೇ ಮುಗಿಯಿತು.

ಜೋಡಿ ಮಾತ್ರೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ನುಂಗಲಾಗದು. ಅದಕ್ಕೇ ಡಾಕ್ಟರು ನನಗೆ ಆ ದಿನಕ್ಕೆ ಮೆಟ್‌ಫಾರ್ಮಿನ್ ಮಾತ್ರ ಬೇರೆಯಾಗಿ ಬರೆದುಕೊಟ್ಟರು. ನಿಮ್ಮ ಸ್ಟ್ರಿಪ್ಪಿನ ಹಿಂಬದಿಯನ್ನೂ ಒಮ್ಮೆ ಓದಿ. ಹಬ್ಬಕ್ಕೆ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ, ನೀವಾಗಿಯೇ ಡೋಸ್ ಬದಲಿಸಬೇಡಿ.